ಗೇಟ್, ಗ್ಲೋಬ್, ಬಾಲ್, ಬಟರ್‌ಫ್ಲೈ: ಯಾವ ಲೈನಿಗೆ ಯಾವ ವಾಲ್ವ್, ಚೀಟಿಯಲ್ಲಿ ಯಾವ ಪದ

ಕಲಬುರಗಿಯ ಹಾರ್ಡ್‌ವೇರ್ ಅಂಗಡಿಗಳಿಗೆ ದಾಲ್ ಮಿಲ್ಲುಗಳಿಂದಲೂ ಪಂಚಾಯಿತಿಗಳಿಂದಲೂ ಬರುವ ಎಷ್ಟೋ ಚೀಟಿಗಳು "4 ಇಂಚ್ ವಾಲ್ವ್, 2 ನಗ" ಎಂಬ ಒಂದೇ ಸಾಲಿನಲ್ಲಿ ಮುಗಿದಿರುತ್ತವೆ. ಗೇಟ್ ಬೇಕೋ ಬಟರ್‌ಫ್ಲೈ ಬೇಕೋ, ನೀರಿಗೋ ಆವಿಗೋ, ಪೈಪಿಗೆ ಬೋಲ್ಟ್ ಹಾಕಿ ಕೂಡಿಸುವ ತೂತುಗಳ ಅಂಚು, ಅಂದರೆ ಫ್ಲಾಂಜ್, ಯಾವ ಟೇಬಲಿನದು (ಯಾವ ಅಳತೆಪಟ್ಟಿಯದು) ಎಂದು ಅಂಗಡಿಯವರು ತಿರುಗಿ ಕೇಳಿದರೆ ಚೀಟಿ ತಂದ ಹುಡುಗ ಫೋನ್ ಹಚ್ಚುತ್ತಾನೆ. ಆ ಕಡೆಯಿಂದ "ಇದ್ದದ್ದು ಕೊಡ್ರಿ" ಎಂಬ ಉತ್ತರ ಬರುತ್ತದೆ. ಹೀಗೆ ಇದ್ದದ್ದನ್ನು ತಂದು ಕೂಡಿಸಿದ ವಾಲ್ವ್ ಆರು ತಿಂಗಳಿಗೆ ಸೋರಲು ಹತ್ತಿದರೆ ಬೈಗುಳ ವಾಲ್ವಿನ ಕಂಪನಿಗೆ ಬೀಳುತ್ತದೆಯೇ ಹೊರತು ಚೀಟಿಗೆ ಬೀಳುವುದಿಲ್ಲ.

ಬಟರ್‌ಫ್ಲೈ ಅಗ್ಗವಿರುವಾಗ ಗೇಟ್ ಏಕೆ ಕೊಳ್ಳಬೇಕು, ಬಾಲ್ ವಾಲ್ವ್ ಚೆನ್ನಾಗಿ ಮುಚ್ಚುತ್ತದೆ ಎಂದಾದರೆ ಆವಿಯ ಲೈನಿಗೂ ಅದನ್ನೇ ಹಾಕಬಾರದೇಕೆ ಎಂದು ಕೇಳುವವರು ಅನೇಕರು. ಈ ಪ್ರಶ್ನೆಗಳಿಗೆ ಉತ್ತರ ಬಹುಪಾಲು ಪದಗಳಲ್ಲಿಯೇ ಇದೆ. ಗೇಟ್, ಗ್ಲೋಬ್ ಎಂಬ ಹೆಸರು ಒಳಗೆ ಹರಿವನ್ನು ತಡೆಯುವ ತುಂಡು ಹೇಗೆ ಚಲಿಸುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಅದು ನಿಮ್ಮ ಲೈನಿನಲ್ಲಿ ಬಾಳುತ್ತದೆಯೋ ಇಲ್ಲವೋ ಎಂಬುದನ್ನು ಟ್ರಿಮ್, ಸೀಟ್, ಕ್ಲಾಸ್, ಫ್ಲಾಂಜ್ ಎಂಬ ಉಳಿದ ಪದಗಳು ಹೇಳುತ್ತವೆ. ಪಠ್ಯಪುಸ್ತಕದ ಕನ್ನಡದಲ್ಲಿ ವಾಲ್ವಿಗೆ ಕವಾಟ ಎಂಬ ಪದವಿದೆಯಾದರೂ ನಮ್ಮ ಭಾಗದ ಫಿಟ್ಟರುಗಳಾಗಲಿ ನೀರುಗಂಟಿಗಳಾಗಲಿ ವಾಲ್ವ್ ಎಂದೇ ಅನ್ನುವುದರಿಂದ ಇಲ್ಲಿಯೂ ಹಾಗೆಯೇ ಬರೆದಿದ್ದೇನೆ.

ಯಾವುದನ್ನು ಆರಿಸಬೇಕಾದರೂ ನಾಲ್ಕು ಸಂಗತಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಒಳಗೆ ಹರಿಯುವುದು ಏನು, ಅದರಲ್ಲಿ ಮಣ್ಣು, ನಾರು, ಆಮ್ಲ, ಎಣ್ಣೆ ಇದೆಯೇ ಎಂಬುದು ಮೊದಲನೆಯದು. ಒತ್ತಡವೆಷ್ಟು, ಶಾಖವೆಷ್ಟು ಎಂಬುದು ಎರಡನೆಯದು. ಇವೆರಡನ್ನೂ ಜೊತೆಯಾಗಿಯೇ ಹೇಳಬೇಕು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ. ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು ಇಷ್ಟೇ ಕೆಲಸವೋ, ಅಥವಾ ಅರ್ಧಂಬರ್ಧ ತೆರೆದು ಹರಿವನ್ನು ಹದಗೊಳಿಸಬೇಕೋ, ದಿನಕ್ಕೆ ಎಷ್ಟು ಸಲ ತಿರುಗಿಸಬೇಕು ಎಂಬುದು ಮೂರನೆಯದು. ಕೆಟ್ಟರೆ ಯಾರು ಬಿಚ್ಚುತ್ತಾರೆ, ಬಿಡಿ ಭಾಗ ಎಲ್ಲಿಂದ ಬರಬೇಕು ಎಂಬ ನಾಲ್ಕನೆಯದನ್ನು ಬೆಂಗಳೂರಿನಲ್ಲಿ ಕುಳಿತು ವಿನ್ಯಾಸ ಮಾಡುವವರು ಮರೆಯುತ್ತಾರೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಬ್ಬನನ್ನು ಬಸ್ಸಿಗೆ ಹತ್ತಿಸಿ ಸೀಟ್ ರಿಂಗ್ ತರಿಸಬೇಕಾದ ನಮಗೆ ಅದು ಬೆಲೆಯಷ್ಟೇ ಮುಖ್ಯ.

ಚಕ್ರದಿಂದ ಸೀಟಿನವರೆಗೆ

ಬಿಡಿ ಭಾಗಗಳ ಹೆಸರನ್ನು ಕಲಿಯಲು ಸುಲಭದ ದಾರಿಯೆಂದರೆ ಕೈಯ ಬಲ ಹೋಗುವ ಹಾದಿಯನ್ನು ಹಿಡಿಯುವುದು. ಕೈ ಮೊದಲು ಮುಟ್ಟುವುದು ಹ್ಯಾಂಡ್‌ವೀಲ್ ಎಂಬ ಚಕ್ರವನ್ನು. ಚಕ್ರ ತಿರುಗಿದರೆ ಸ್ಪಿಂಡಲ್ ತಿರುಗುತ್ತದೆ ಅಥವಾ ಮೇಲೇರುತ್ತದೆ. ಕಂಪನಿಯ ನಕ್ಷೆಯಲ್ಲಿ ಇದನ್ನೇ ಸ್ಟೆಮ್ ಎಂದು ಬರೆದಿರುತ್ತಾರೆ. ಸ್ಪಿಂಡಲಿನ ತುದಿಯಲ್ಲಿ ಹರಿವಿಗೆ ಅಡ್ಡ ಬರುವ ತುಂಡಿರುತ್ತದೆ. ಗೇಟ್ ವಾಲ್ವಿನಲ್ಲಿ ಅದು ಬೆಣೆಯಾಕಾರದ ವೆಜ್, ಗ್ಲೋಬ್ ಮತ್ತು ಬಟರ್‌ಫ್ಲೈಗಳಲ್ಲಿ ಡಿಸ್ಕ್, ಬಾಲ್ ವಾಲ್ವಿನಲ್ಲಿ ನಡುವೆ ರಂಧ್ರ ಕೊರೆದ ಗುಂಡು. ಈ ತುಂಡು ಒತ್ತಿ ಕೂರುವ ಉಂಗುರವೇ ಸೀಟ್. ಒಳಗಿನ ದ್ರವ ತಾಗುವ, ಸವೆದು ಬದಲಾಗುವ ಭಾಗಗಳಾದ ಸ್ಪಿಂಡಲ್, ಡಿಸ್ಕ್, ಸೀಟ್‌ಗಳನ್ನು ಒಟ್ಟಾಗಿ ಟ್ರಿಮ್ ಎನ್ನುತ್ತಾರೆ. ಬಾಡಿ ಎರಕದ ಉಕ್ಕಿನದಾಗಿದ್ದು ಟ್ರಿಮ್ 13 ಶೇಕಡಾ ಕ್ರೋಮಿಯಂ ಇರುವ ಉಕ್ಕಿನದಾಗಿರುವುದು ಸಾಮಾನ್ಯ. ಕೋಟೇಷನ್‌ನಲ್ಲಿ ಬಾಡಿಯ ಲೋಹವನ್ನು ದೊಡ್ಡದಾಗಿ ಬರೆದು ಟ್ರಿಮ್ ಬಗ್ಗೆ ಏನೂ ಹೇಳದಿದ್ದರೆ, ಸವೆಯುವ ಭಾಗದ ಬಗ್ಗೆಯೇ ಏನೂ ಹೇಳಿಲ್ಲವೆಂದು ತಿಳಿಯಬೇಕು.

ಇನ್ನು ಒಳಗಿನದು ಹೊರಗೆ ಬಾರದಂತೆ ನೋಡುವ ಭಾಗಗಳು. ಬಾಡಿಯ ಮೇಲಿನ ಮುಚ್ಚಳ ಬಾನೆಟ್. ಎರಡರ ನಡುವೆ ಗ್ಯಾಸ್ಕೆಟ್ ಇರುತ್ತದೆ. ಸ್ಪಿಂಡಲ್ ಬಾನೆಟನ್ನು ದಾಟಿ ಹೊರಬರುವ ಜಾಗದಲ್ಲಿರುವ ಪೊಳ್ಳಿಗೆ ಸ್ಟಫಿಂಗ್ ಬಾಕ್ಸ್ ಎನ್ನುತ್ತಾರೆ. ಅದರೊಳಗೆ ಸುತ್ತಿ ತುಂಬುವ ಹೆಣೆದ ಹಗ್ಗ ಗ್ಲ್ಯಾಂಡ್ ಪ್ಯಾಕಿಂಗ್. ಬಜಾರಿನಲ್ಲಿ ಇದಕ್ಕೆ ಗ್ಲ್ಯಾಂಡ್ ಡೋರಿ ಎಂದು ಹೆಸರು. ಅದನ್ನು ಮೇಲಿನಿಂದ ಒತ್ತಿ ಹಿಡಿಯುವ ತುಂಡು ಗ್ಲ್ಯಾಂಡ್. ಒಂದು ಕಾಲಕ್ಕೆ ಈ ಡೋರಿ ಆಸ್ಬೆಸ್ಟಾಸಿನದಾಗಿತ್ತು. ಈಗ ಆವಿಗೆ ಗ್ರಾಫೈಟನ್ನೂ ನೀರಿಗೆ ಮತ್ತು ರಾಸಾಯನಿಕಕ್ಕೆ ಪಿಟಿಎಫ್‌ಇ (ಟೆಫ್ಲಾನ್ ಎಂಬ ಪ್ಲಾಸ್ಟಿಕ್) ಹೆಣೆದದ್ದನ್ನೂ ಕೇಳಿ ತೆಗೆದುಕೊಳ್ಳಬೇಕು. ಡೋರಿಯನ್ನು ಸುರುಳಿಯಾಗಿ ಒಂದೇ ಉದ್ದಕ್ಕೆ ಸುತ್ತುವವರಿದ್ದಾರೆ. ಹಾಗೆ ಮಾಡದೆ ಒಂದೊಂದು ಸುತ್ತಿಗೂ ಓರೆಯಾಗಿ ಕತ್ತರಿಸಿ, ಕೂಡುಗಳು ಒಂದರ ಮೇಲೊಂದು ಬಾರದಂತೆ ಕೂಡಿಸಬೇಕು.

ಇಲ್ಲಿ ಒಂದು ಜೋಡಿ ಪದವನ್ನು ಬಿಡಿಸಿ ಹೇಳುವುದು ಅವಶ್ಯಕ. ಹನಿ ಹೊರಗೆ ಕಾಣಿಸಿದರೆ ಅದು ಲೀಕೇಜ್. ವಾಲ್ವ್ ಪೂರ್ತಿ ಮುಚ್ಚಿದ್ದರೂ ಆ ಕಡೆಯ ಪೈಪಿಗೆ ನೀರೋ ಆವಿಯೋ ದಾಟುತ್ತಿದ್ದರೆ ಅದು ಪಾಸಿಂಗ್. "ವಾಲ್ವ್ ಪಾಸ್ ಆಗಲಿಕ್ಕತ್ತೈತಿ" ಎಂದು ಫಿಟ್ಟರ್ ಹೇಳುವುದು ಇದನ್ನೇ. ಲೀಕೇಜ್ ಎಂದರೆ ದೋಷ ಗ್ಲ್ಯಾಂಡಿನಲ್ಲೋ ಗ್ಯಾಸ್ಕೆಟ್‌ನಲ್ಲೋ ಇದೆ, ನೂರಿನ್ನೂರು ರೂಪಾಯಿಯ ಡೋರಿಯಲ್ಲಿ ಸರಿಹೋಗಬಹುದು. ಪಾಸಿಂಗ್ ಎಂದರೆ ಸೀಟು ಅಥವಾ ವೆಜ್ ಕೆಟ್ಟಿದೆ. ಬಾನೆಟ್ ಬಿಚ್ಚಿ ಉಜ್ಜಿ ಕೂಡಿಸುವ ಕೆಲಸ, ಅಂದರೆ ಲ್ಯಾಪಿಂಗ್, ಅಥವಾ ಹೊಸ ವಾಲ್ವೇ ಬೇಕಾಗುತ್ತದೆ. ಎರಡಕ್ಕೂ "ಸೋರುತ್ತದೆ" ಎಂದೇ ಬರೆದು ಕಳಿಸಿದರೆ ಸ್ಟೋರ್ಸಿನವರು ಯಾವ ಬಿಡಿ ಭಾಗ ತರಿಸಬೇಕು?

ಗೇಟ್ ಮತ್ತು ಗ್ಲೋಬ್

ಹೊರಗಿನಿಂದ ಎರಡಕ್ಕೂ ಚಕ್ರವಿರುವುದರಿಂದ ಇವುಗಳ ನಡುವೆಯೇ ಹೆಚ್ಚಿನ ಗೊಂದಲವಾಗುತ್ತದೆ. ಗೇಟ್ ವಾಲ್ವಿನ ವೆಜ್ ಪೂರ್ತಿ ಮೇಲೆದ್ದು ದಾರಿ ಬಿಡುತ್ತದೆ. ನೀರು ನೆಟ್ಟಗೆ ಹೋಗುತ್ತದೆ. ಗ್ಲೋಬ್ ವಾಲ್ವಿನಲ್ಲಿ ನೀರು ಅಡ್ಡಗೋಡೆಯೊಂದನ್ನು ಬಳಸಿ, ಕೆಳಗಿನಿಂದ ಮೇಲಕ್ಕೆ ತಿರುಗಿ, ಡಿಸ್ಕಿನ ಸುತ್ತಲಿಂದ ಹೊರಬರುತ್ತದೆ. ಈ ಅಂಕುಡೊಂಕಿಗೆ ತೆರಬೇಕಾದ ಬೆಲೆಯನ್ನು ಎಂಜಿನಿಯರುಗಳು ನೇರ ಪೈಪಿನ ಉದ್ದಕ್ಕೆ ಹೋಲಿಸಿ ಹೇಳುತ್ತಾರೆ. 50 ಮಿ.ಮೀ. ಅಳತೆಯಲ್ಲಿ ಪೂರ್ತಿ ತೆರೆದ ಗೇಟ್ ವಾಲ್ವ್ ಸುಮಾರು 40 ಸೆಂಟಿಮೀಟರ್ ಪೈಪಿನಷ್ಟು ಒತ್ತಡವನ್ನು ತಿಂದರೆ, ಅದೇ ಅಳತೆಯ ಗ್ಲೋಬ್ ವಾಲ್ವ್ ಸುಮಾರು 17 ಮೀಟರ್ ಪೈಪಿನಷ್ಟು ತಿನ್ನುತ್ತದೆ. ಪಂಪಿನ ಮುಂದೆ ಗೊತ್ತಿಲ್ಲದೆ ಗ್ಲೋಬ್ ಹಾಕಿದವರು ಆ ವ್ಯತ್ಯಾಸವನ್ನು ವಿದ್ಯುತ್ ಬಿಲ್ಲಿನಲ್ಲಿ ಕಟ್ಟುತ್ತಾರೆ.

ಹಾಗಾದರೆ ಗ್ಲೋಬ್ ಏಕೆ ಬೇಕು ಎಂದರೆ, ಹದಗೊಳಿಸುವುದಕ್ಕೆ. ಅದರ ಡಿಸ್ಕ್ ಸೀಟಿನ ಮೇಲೆ ನೇರವಾಗಿ ಇಳಿಯುವುದರಿಂದ ಕಾಲು ಭಾಗ, ಅರ್ಧ ಭಾಗ ತೆರೆದಿಟ್ಟರೂ ಹರಿವು ಹತೋಟಿಯಲ್ಲಿರುತ್ತದೆ. ಸವೆದ ಸೀಟನ್ನು ಉಜ್ಜಿ ಸರಿಪಡಿಸುವುದೂ ಗೇಟಿಗಿಂತ ಸುಲಭ. ಗೇಟ್ ವಾಲ್ವನ್ನು ಅರ್ಧ ತೆರೆದಿಟ್ಟರೆ ವೆಜ್ಜಿನ ಕೆಳತುದಿಯಲ್ಲಿ ನೀರು ರಭಸದಿಂದ ನುಗ್ಗುತ್ತದೆ, ವೆಜ್ ಅದುರುತ್ತದೆ, ಸೀಟಿನ ಕೆಳಭಾಗ ಕೊರೆದುಹೋಗುತ್ತದೆ. ಆ ಮೇಲೆ ಪೂರ್ತಿ ಮುಚ್ಚಿದರೂ ಪಾಸಿಂಗ್ ನಿಲ್ಲುವುದಿಲ್ಲ. ನಾನು ಬಿಚ್ಚಿ ನೋಡಿದ ಕೆಟ್ಟ ಗೇಟ್ ವಾಲ್ವುಗಳಲ್ಲಿ ಹೆಚ್ಚಿನವು ಕೆಟ್ಟದ್ದು ಈ ಒಂದೇ ಕಾರಣಕ್ಕೆ. ಅವುಗಳಿಗೆ ಗ್ಲೋಬಿನ ಕೆಲಸ ಕೊಡಲಾಗಿತ್ತು. ಗ್ಲೋಬ್ ವಾಲ್ವಿನ ಮೈಮೇಲೆ ಬಾಣದ ಗುರುತಿರುತ್ತದೆ. ಸಾಮಾನ್ಯವಾಗಿ ಹರಿವು ಡಿಸ್ಕಿನ ಅಡಿಯಿಂದ ಬರುವಂತೆ ಅದನ್ನು ಕೂಡಿಸುತ್ತಾರೆ. ಆಗ ಮುಚ್ಚಿದ ವೇಳೆಯಲ್ಲಿ ಗ್ಲ್ಯಾಂಡಿನ ಮೇಲೆ ಒತ್ತಡ ಬೀಳುವುದಿಲ್ಲ.

ಗೇಟಿನಲ್ಲಿಯೇ ಇನ್ನೊಂದು ಆಯ್ಕೆಯಿದೆ. ತೆರೆದಂತೆ ಸ್ಪಿಂಡಲ್ ಚಕ್ರದ ಮೇಲಕ್ಕೆ ಏರಿ ಬರುವುದು ರೈಸಿಂಗ್. ಏರದೆ ನಿಂತಲ್ಲೇ ತಿರುಗುವುದು ನಾನ್-ರೈಸಿಂಗ್. ರೈಸಿಂಗಿನಲ್ಲಿ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂಬುದು ದೂರದಿಂದಲೇ ಕಾಣುತ್ತದೆ, ಸ್ಪಿಂಡಲಿನ ತಿರುಪು ಕೊಳೆ ನೀರಿಗೆ ತಾಗುವುದಿಲ್ಲ. ಬಾಯ್ಲರ್ ಮನೆಗೆ ಇದೇ ಸರಿ. ಆದರೆ ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಆವರಣದಲ್ಲಿ ಹೊರಬಂದ ತಿರುಪಿನ ಗ್ರೀಸಿಗೆ ಧೂಳು ಅಂಟಿ ಅರೆಯುವ ಕಲ್ಲಿನ ಪುಡಿಯಂತೆ ಕೆಲಸ ಮಾಡುತ್ತದೆ. ಅಂಥಲ್ಲಿ ಸ್ಪಿಂಡಲಿಗೆ ಕವಚ ಇರುವುದನ್ನೇ ಕೇಳಬೇಕು. ಊರ ನೀರಿನ ಲೈನಿನಲ್ಲಿ ಬೀದಿಯ ಗುಂಡಿಯೊಳಗೆ ಕೂರುವ ಸ್ಲೂಸ್ ವಾಲ್ವ್ ಎಂಬುದು ಬೇರೆ ಜಾತಿಯೇನಲ್ಲ; ನೀರು ಸರಬರಾಜಿನವರು ಗೇಟ್ ವಾಲ್ವಿಗೇ ಇಟ್ಟ ಹೆಸರು. ಭಾರತೀಯ ಮಾನಕ ಐಎಸ್ 14846 ಇದಕ್ಕೆ ಅನ್ವಯಿಸುತ್ತದೆ. ಗುಂಡಿಯಲ್ಲಿ ಎತ್ತರ ಸಾಲದ ಕಾರಣ ಇಲ್ಲಿ ನಾನ್-ರೈಸಿಂಗ್ ಸ್ಪಿಂಡಲೇ ಬೇಕು. ಚಕ್ರದ ಬದಲು ಚೌಕದ ಟೋಪಿಯಿರುತ್ತದೆ, ನೀರುಗಂಟಿ ಉದ್ದನೆಯ ಕೀಲಿಯಿಂದ ತಿರುಗಿಸುತ್ತಾನೆ.

ಹಳೆಯ ಮಾದರಿಯ ಸ್ಲೂಸ್ ವಾಲ್ವಿನ ತಳದಲ್ಲಿ ವೆಜ್ ಕೂರುವ ಕಾಲುವೆಯಂಥ ತಗ್ಗಿರುತ್ತದೆ. ಭೀಮೆಯ ಮಳೆಗಾಲದ ರಾಡಿ ನೀರಿನ ಮರಳು ಅಲ್ಲಿ ಕೂತರೆ ವಾಲ್ವ್ ಕೊನೆಯ ಎರಡು ಸುತ್ತು ಇಳಿಯುವುದಿಲ್ಲ. ಕೀಲಿಗೆ ಪೈಪು ಸಿಕ್ಕಿಸಿ ಜಗ್ಗಿದರೆ ಸ್ಪಿಂಡಲ್ ಮುರಿಯುತ್ತದೆ. ವೆಜ್ಜಿಗೆ ರಬ್ಬರ್ ಹೊದಿಸಿದ, ತಳ ನುಣ್ಣಗಿರುವ ಮಾದರಿಗೆ ರೆಸಿಲಿಯೆಂಟ್ ಸೀಟೆಡ್ ಎನ್ನುತ್ತಾರೆ. ಬೆಲೆ ತುಸು ಹೆಚ್ಚಾದರೂ ಕುಡಿಯುವ ನೀರಿನ ಹೊಸ ಲೈನಿಗೆ ಅದನ್ನೇ ಆರಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಶಹಾಬಾದ್ ಕಲ್ಲಿನ ಈ ಸೀಮೆಯಲ್ಲಿ ನೀರಿನ ಗಡಸುತನದಿಂದ ಸುಣ್ಣ ಕಟ್ಟುವುದರಿಂದ, ಯಾವ ಮಾದರಿಯಾದರೂ ತಿಂಗಳಿಗೊಮ್ಮೆ ಮುಚ್ಚಿ ತೆರೆಯದಿದ್ದರೆ ಬೇಕಾದ ದಿನ ಅದು ಅಲುಗುವುದಿಲ್ಲ.

ಬಾಲ್ ಮತ್ತು ಬಟರ್‌ಫ್ಲೈ

ಇವೆರಡೂ ಕಾಲು ಸುತ್ತಿನ ವಾಲ್ವುಗಳು. ಹಿಡಿಕೆ ಪೈಪಿಗೆ ಸಮಾಂತರವಿದ್ದರೆ ತೆರೆದಿದೆ, ಅಡ್ಡವಿದ್ದರೆ ಮುಚ್ಚಿದೆ. ಬಾಲ್ ವಾಲ್ವಿನ ಗುಂಡು ಸಾಮಾನ್ಯವಾಗಿ ಪಿಟಿಎಫ್‌ಇ ಸೀಟುಗಳ ನಡುವೆ ಕೂರುವುದರಿಂದ ಅದು ಮುಚ್ಚುವಷ್ಟು ಬಿಗಿಯಾಗಿ ಲೋಹದ ಸೀಟಿನ ಗೇಟ್ ಮುಚ್ಚುವುದಿಲ್ಲ. ದಾಲ್ ಮಿಲ್ಲಿನಲ್ಲಿ ಕಾಳನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಹೋಗುವ ಗಾಳಿಯ ಲೈನಿಗೆ, ಎಣ್ಣೆಗೆ, ಗ್ಯಾಸಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಂದೆರಡು ಇಂಚಿನವರೆಗೆ ಬೆಲೆಯೂ ಹಗುರ. ಅಳತೆ ಹೆಚ್ಚಿದಂತೆ ಗುಂಡಿನ ತೂಕದೊಂದಿಗೆ ಬೆಲೆಯೂ ಏರಿ, 100 ಮಿ.ಮೀ. ದಾಟಿದ ಮೇಲೆ ಬಟರ್‌ಫ್ಲೈಯ ಹತ್ತಿರಕ್ಕೂ ಬರುವುದಿಲ್ಲ.

ಕೊಳ್ಳುವಾಗ ಎರಡು ಪದ ನೋಡಬೇಕು. ಫುಲ್ ಬೋರ್ ಎಂದರೆ ಗುಂಡಿನ ರಂಧ್ರ ಪೈಪಿನಷ್ಟೇ ಅಗಲ. ರೆಡ್ಯೂಸ್ಡ್ ಬೋರ್ ಎಂದರೆ ಒಂದು ಅಳತೆ ಕಡಿಮೆ. ಬೆಲೆಯಲ್ಲಿ ತೀರಾ ಅಗ್ಗ ಎನಿಸಿದ್ದು ಬಹುತೇಕ ಎರಡನೆಯದಾಗಿರುತ್ತದೆ. ಸಿಂಗಲ್ ಪೀಸ್, ಟೂ ಪೀಸ್, ತ್ರೀ ಪೀಸ್ ಎಂಬುದು ಬಾಡಿ ಎಷ್ಟು ತುಂಡು ಎಂಬುದನ್ನು ಹೇಳುತ್ತದೆ. ಸಿಂಗಲ್ ಪೀಸ್ ಕೆಟ್ಟರೆ ಗುಜರಿಗೆ. ತ್ರೀ ಪೀಸಿನಲ್ಲಿ ಎರಡು ತುದಿಗಳು ಪೈಪಿನಲ್ಲೇ ಉಳಿದು ನಡುವಿನ ತುಂಡನ್ನಷ್ಟೇ ಕಳಚಿ ಸೀಟ್ ಬದಲಿಸಬಹುದು. ಬಿಡಿ ಭಾಗ ದೂರದಿಂದ ಬರಬೇಕಾದ ಕಡೆ ತ್ರೀ ಪೀಸ್ ಕೊಂಡು ಜೊತೆಗೇ ಒಂದು ಸೀಟ್ ಸೆಟ್ ತೆಗೆದಿಡುವುದು ಬುದ್ಧಿವಂತಿಕೆ.

ಬಾಲ್ ವಾಲ್ವಿನ ಮಿತಿ ಅದರ ಸೀಟೇ. ಪಿಟಿಎಫ್‌ಇ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಎಂದು ಪಟ್ಟಿಯಲ್ಲಿದ್ದರೂ ಶಾಖ ಏರಿದಂತೆ ಅದು ತಡೆಯುವ ಒತ್ತಡ ಇಳಿಯುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ 10.5 ಕಿಲೋ ಒತ್ತಡದ ಸಾಮಾನ್ಯ ಬಾಯ್ಲರಿನ ಆವಿಯೇ ಸುಮಾರು 185 ಡಿಗ್ರಿ ಇರುತ್ತದೆ. ಆದ್ದರಿಂದ ಸಾದಾ ಸೀಟಿನ ಬಾಲ್ ವಾಲ್ವನ್ನು ಬಾಯ್ಲರಿನ ಮುಖ್ಯ ಲೈನಿಗೆ ಹಾಕುವುದು ಬೇಡ. ಅರ್ಧ ತೆರೆದಿಡುವುದೂ ಬೇಡ. ಮೆತ್ತನೆಯ ಸೀಟಿನ ಒಂದು ಅಂಚನ್ನು ಹರಿವು ಕೊರೆದುಬಿಡುತ್ತದೆ.

ಬಟರ್‌ಫ್ಲೈ ತೆಳ್ಳಗೆ, ಹಗುರ, ಅಗ್ಗ. ದೊಡ್ಡ ಅಳತೆಯ ತಂಪು ನೀರಿಗೆ ಅದನ್ನು ಬಿಟ್ಟು ಗೇಟಿಗೆ ಹಣ ಹಾಕಲು ಈಗ ಕಾರಣ ಕಡಿಮೆ. ಆದರೆ ತೆರೆದಾಗಲೂ ಡಿಸ್ಕ್ ಹರಿವಿನ ನಡುವೆಯೇ ನಿಲ್ಲುತ್ತದೆ. ಕಬ್ಬಿನ ಬಗಾಸೆಯ ನಾರು ಇರುವ ಹಸಿ ರಸದ ಲೈನಿನಲ್ಲಿ ನಾರು ಅದಕ್ಕೆ ತೊಡರುತ್ತದೆ. ವೇಫರ್ ಎಂಬ ಮಾದರಿ ಎರಡು ಫ್ಲಾಂಜುಗಳ ನಡುವೆ ಒತ್ತಿ ಹಿಡಿದ ಬಿಲ್ಲೆಯಂಥದು. ಒಂದು ಬದಿಯ ಪೈಪು ಬಿಚ್ಚಿದರೆ ವಾಲ್ವೂ ಬಿಚ್ಚಿಬರುತ್ತದೆ. ಲಗ್ ಮಾದರಿಗೆ ಸುತ್ತಲೂ ತಿರುಪಿನ ಕಿವಿಗಳಿರುವುದರಿಂದ ಒಂದು ಬದಿ ಬಿಚ್ಚಿದರೂ ಇನ್ನೊಂದು ಬದಿಗೆ ಅಂಟಿಕೊಂಡು ನಿಲ್ಲುತ್ತದೆ. ಪಂಪನ್ನು ಆಗಾಗ ಕಳಚುವ ಕಡೆ ಲಗ್ ಇರಲಿ. ರಬ್ಬರ್ ಸೀಟಿನ ಬಟರ್‌ಫ್ಲೈಗೆ ಆ ರಬ್ಬರೇ ಗ್ಯಾಸ್ಕೆಟ್. ಮತ್ತೊಂದು ಗ್ಯಾಸ್ಕೆಟ್ ತುರುಕಬಾರದು. ಡಿಸ್ಕಿನ ಅಕ್ಷವನ್ನು ನಡುವಿನಿಂದ ಸರಿಸಿದ ಡಬಲ್ ಆಫ್‌ಸೆಟ್, ಟ್ರಿಪಲ್ ಆಫ್‌ಸೆಟ್ ಮಾದರಿಗಳಿವೆ. ಕೊನೆಯದು ಲೋಹದ ಸೀಟಿನೊಂದಿಗೆ ಆವಿಗೂ ನಡೆಯುತ್ತದೆ, ಆದರೆ ಆಗ ಅಗ್ಗ ಎಂಬ ಮಾತು ಉಳಿಯುವುದಿಲ್ಲ.

ಹಿಂದಕ್ಕೆ ಬಾರದಂತೆ

ನಾನ್ ರಿಟರ್ನ್, ಚೆಕ್, ರಿಫ್ಲಕ್ಸ್ ಎಂಬ ಮೂರು ಹೆಸರುಗಳೂ ಒಂದೇ ಕೆಲಸದವು: ಹರಿವು ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಬಾರದು. ಬಾಯಿಮಾತಿನಲ್ಲಿ ಎನ್‌ಆರ್‌ವಿ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯ ಫುಟ್ ವಾಲ್ವ್ ಕೂಡ ಜಾಳಿಗೆ ಕಟ್ಟಿದ ಎನ್‌ಆರ್‌ವಿಯೇ. ಬೀದರಿನ ನೌಬಾದದ ಕಡೆ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿಯ ಸಾಲು, ನೋಡಿದವರಿಗೆ ಗೊತ್ತು: ಅಲ್ಲಿ ನೀರು ತನ್ನ ಇಳಿಜಾರಿನಲ್ಲೇ ಹರಿಯುತ್ತಿದ್ದುದರಿಂದ ಹಿಂದಕ್ಕೆ ಬರುವ ಪ್ರಶ್ನೆಯೇ ಇರಲಿಲ್ಲ. ಪಂಪಿನಿಂದ ಗುಡ್ಡದ ಟ್ಯಾಂಕಿಗೆ ನೂಕುವ ನಮಗೆ ಆ ಪ್ರಶ್ನೆ ಕರೆಂಟ್ ಹೋದ ಪ್ರತಿ ಸಲವೂ ಬರುತ್ತದೆ.

ಹರಿಯುತ್ತಿದ್ದ ನೀರು ಗಕ್ಕನೆ ನಿಂತರೆ ಒತ್ತಡ ಎಷ್ಟು ಏರುತ್ತದೆ ಎಂಬುದನ್ನು ರಷ್ಯದ ನಿಕೊಲಾಯ್ ಝುಕೋವ್‌ಸ್ಕಿ 1898ರಲ್ಲಿ ಮಾಸ್ಕೋದ ನೀರಿನ ಪೈಪುಗಳ ಪ್ರಯೋಗದಿಂದ ಲೆಕ್ಕ ಕಟ್ಟಿ ಹೇಳಿದರು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಉಕ್ಕಿನ ಪೈಪಿನಲ್ಲಿ ಒಮ್ಮೆಲೇ ನಿಂತರೆ ಇದ್ದ ಒತ್ತಡದ ಮೇಲೆ ಇನ್ನೂ 10ರಿಂದ 12 ಬಾರ್ ಏರುತ್ತದೆ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಎಂಬ ಲೆಕ್ಕದಲ್ಲಿ ಇದು ನೂರು ಮೀಟರಿಗೂ ಮೇಲಿನ ನೀರಿನ ಕಂಬ ತಟ್ಟನೆ ಮೈಮೇಲೆ ಬಿದ್ದಂತೆ. ವಾಟರ್ ಹ್ಯಾಮರ್ ಎಂದರೆ ಇದೇ. ಸ್ವಿಂಗ್ ಮಾದರಿಯ ಎನ್‌ಆರ್‌ವಿಯಲ್ಲಿ ಬಾಗಿಲಿನಂತೆ ತೂಗುವ ಡಿಸ್ಕ್ ಇದೆ. ನೀರು ಹಿಂದಕ್ಕೆ ಹೊರಟ ಮೇಲೆ ಅದು ಧಡ್ ಎಂದು ಬಡಿಯುತ್ತದೆ. ಅಗ್ಗ, ಸರಳ, ರಾಡಿ ನೀರಿಗೂ ಹೊಂದುತ್ತದೆ. ಸಣ್ಣ, ತಗ್ಗಿನ ಲೈನಿಗೆ ಸಾಕು. ಡ್ಯುಯಲ್ ಪ್ಲೇಟ್ ಮಾದರಿಯಲ್ಲಿ ಸ್ಪ್ರಿಂಗಿನ ಎರಡು ಅರ್ಧಚಂದ್ರ ತಟ್ಟೆಗಳು ನೀರಿನ ವೇಗ ಇಳಿಯುತ್ತಿದ್ದಂತೆಯೇ ಮುಚ್ಚಿಕೊಳ್ಳುವುದರಿಂದ ಹೊಡೆತ ಬಹಳ ಕಡಿಮೆ. ಎತ್ತರಕ್ಕೆ ನೂಕುವ ಉದ್ದನೆಯ ಲೈನಿಗೆ ಇದನ್ನೇ ಆರಿಸಬೇಕು. ಆದರೆ ನೀರಿನಲ್ಲಿ ಕಸ ಬಂದರೆ ಸ್ಪ್ರಿಂಗಿಗೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಕಾಲು ಸುತ್ತಿನ ವಾಲ್ವನ್ನು ಒಂದೇ ಏಟಿಗೆ ಮುಚ್ಚಿದರೂ ಇದೇ ಹೊಡೆತ ಬೀಳುತ್ತದೆ. ಆದ್ದರಿಂದ ದೊಡ್ಡ ಬಟರ್‌ಫ್ಲೈಗೆ ಹಿಡಿಕೆಯ ಬದಲು ಗೇರ್ ಬಾಕ್ಸ್ ಇರಲಿ.

ಉಳಿದವನ್ನು ಚಿಕ್ಕದಾಗಿ ಹೇಳಬಹುದು. ಡಯಾಫ್ರಾಮ್ ವಾಲ್ವಿನಲ್ಲಿ ರಬ್ಬರ್ ಹಾಳೆಯೇ ಮುಚ್ಚುತ್ತದೆ, ಗ್ಲ್ಯಾಂಡಿಗೆ ದ್ರವ ತಾಗುವುದಿಲ್ಲ, ಆಮ್ಲಕ್ಕೆ ಒಳ್ಳೆಯದು. ನೈಫ್ ಗೇಟ್ ಚಾಕುವಿನಂಥ ಅಲಗಿನಿಂದ ಕೆಸರು, ಪುಡಿ, ನಾರನ್ನು ಕತ್ತರಿಸಿ ಮುಚ್ಚುತ್ತದೆ. ನೀಡಲ್ ವಾಲ್ವ್ ಒತ್ತಡಮಾಪಕದ ಸಣ್ಣ ಲೈನಿಗೆ. ಪಿಆರ್‌ವಿ ಎಂದು ಮಾತ್ರ ಎಂದಿಗೂ ಚೀಟಿಯಲ್ಲಿ ಬರೆಯಬಾರದು: ಒತ್ತಡ ತಗ್ಗಿಸಿ ಕೊಡುವ ಪ್ರೆಷರ್ ರೆಡ್ಯೂಸಿಂಗ್ ವಾಲ್ವಿಗೂ, ಒತ್ತಡ ಮಿತಿಮೀರಿದಾಗ ಹೊರಗೆ ಬಿಡುವ ಪ್ರೆಷರ್ ರಿಲೀಫ್ ವಾಲ್ವಿಗೂ ಅದೇ ಸಂಕ್ಷೇಪವಿದ್ದು, ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಅನಾಹುತ.

ಲೋಹ, ಅಂಕಿ, ಫ್ಲಾಂಜ್

ಸಿಐ ಎಂದರೆ ಎರಕದ ಕಬ್ಬಿಣ. ಅಗ್ಗ, ತಂಪು ನೀರಿಗೆ ಚೆನ್ನ, ಹೊಡೆತಕ್ಕೆ ಬಿರಿಯುತ್ತದೆ. ಡಿಐ ಎಂದರೆ ಡಕ್ಟೈಲ್ ಕಬ್ಬಿಣ, ಬಾಗಿದರೂ ಬೇಗ ಒಡೆಯದು. ಡಬ್ಲ್ಯುಸಿಬಿ ಎಂಬುದು ಎರಕದ ಉಕ್ಕು, ಆವಿಗೆ. ಸಿಎಫ್8 ಮತ್ತು ಸಿಎಫ್8ಎಂ ಎಂದರೆ ಎರಕದ ರೂಪದ 304 ಮತ್ತು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕು (ಎಸ್‌ಎಸ್). "ಎಸ್‌ಎಸ್ ವಾಲ್ವ್" ಎಂದು ಬರೆದರೆ ಕಬ್ಬಿಣದ ಬಾಡಿಗೆ ಸ್ಟೇನ್‌ಲೆಸ್ ಡಿಸ್ಕ್ ಹಾಕಿ ಕೊಟ್ಟರೂ ತಕರಾರು ಮಾಡುವಂತಿಲ್ಲ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಔಷಧ, ರಾಸಾಯನಿಕ ಘಟಕ ನಡೆಸುವವರು ಇದನ್ನು ಗಮನಿಸಬೇಕು: ಹೈಡ್ರೋಕ್ಲೋರಿಕ್ ಆಮ್ಲಕ್ಕೆ 316 ಕೂಡ ನಿಲ್ಲುವುದಿಲ್ಲ, ಒಳಗೆ ಪಿಟಿಎಫ್‌ಇಯಂಥ ಹೊದಿಕೆ ಇರುವ ವಾಲ್ವೇ ಬೇಕು. ರಬ್ಬರುಗಳಲ್ಲಿ ಇಪಿಡಿಎಂ ನೀರಿಗೆ, ಎಣ್ಣೆಗೆ ಖಂಡಿತ ಅಲ್ಲ, ನೈಟ್ರೈಲ್ ಎಣ್ಣೆಗೆ, ವೈಟಾನ್ ಬಿಸಿ ಎಣ್ಣೆಗೆ.

ಒತ್ತಡದ ಅಂಕಿಗಳಷ್ಟು ಮೋಸ ಮಾಡುವುದು ಬೇರೆ ಇಲ್ಲ. ಪಿಎನ್ ಎಂಬುದು ಒತ್ತಡದ ದರ್ಜೆ; ಪಿಎನ್ 16 ಎಂದರೆ ಸಾಮಾನ್ಯ ಶಾಖದಲ್ಲಿ 16 ಬಾರ್. ಆದರೆ ಸ್ಲೂಸ್ ವಾಲ್ವಿನ ಮೇಲೆ ಪಿಎನ್ 1.6 ಎಂದು ಕಂಡರೆ ಅದು ಒಂದೂವರೆ ಬಾರಿನ ದುರ್ಬಲ ಮಾಲಲ್ಲ. ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ ಬರೆದ ಅದೇ 16 ಬಾರ್. ಬಾಲ್ ವಾಲ್ವಿನ ಮೇಲಿನ 1000 ಡಬ್ಲ್ಯುಒಜಿ (ವಾಟರ್, ಆಯಿಲ್, ಗ್ಯಾಸ್) ಎಂದರೆ ಸಾಮಾನ್ಯ ಶಾಖದಲ್ಲಿ ಚದರ ಇಂಚಿಗೆ 1000 ಪೌಂಡ್, ಅಂದರೆ ಸುಮಾರು 69 ಬಾರ್. ಅಮೆರಿಕನ್ ಪದ್ಧತಿಯ ಒತ್ತಡದ ದರ್ಜೆಗಳಾದ ಕ್ಲಾಸ್ 150, ಕ್ಲಾಸ್ 800 ಎಂಬಲ್ಲಿ ಆ ಅಂಕಿ ನೇರವಾಗಿ ಒತ್ತಡವನ್ನು ಹೇಳುವುದಿಲ್ಲ. ಕ್ಲಾಸ್ 150ರ ಡಬ್ಲ್ಯುಸಿಬಿ ವಾಲ್ವ್ 38 ಡಿಗ್ರಿಯಲ್ಲಿ 19.6 ಬಾರ್ ತಡೆದರೆ, 200 ಡಿಗ್ರಿಯಲ್ಲಿ 13.8 ಬಾರ್, 300 ಡಿಗ್ರಿಯಲ್ಲಿ 10.2 ಬಾರ್ ಮಾತ್ರ. ಒತ್ತಡ, ಶಾಖ ಎರಡನ್ನೂ ಜೊತೆಗೆ ಹೇಳಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಫ್ಲಾಂಜಿನ ಪಾಠ ನಾನು ನನ್ನ ತಪ್ಪಿನಿಂದಲೇ ಕಲಿತದ್ದು. ಬೀದರ್ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದಾಗ "4 ಇಂಚ್ ಗೇಟ್ ವಾಲ್ವ್, ಫ್ಲಾಂಜ್ಡ್, 6 ನಗ" ಎಂದು ಇಂಡೆಂಟ್ ಬರೆದಿದ್ದೆ. ಹಂಗಾಮು ಶುರುವಾಗಲು ನಾಲ್ಕು ದಿನವಿರುವಾಗ ಮಾಲು ಬಂತು. ಅದು ಬ್ರಿಟಿಷ್ ಅಳತೆಯ ಟೇಬಲ್ ಡಿ. ನಾಲ್ಕು ತೂತು, ತೂತುಗಳ ವೃತ್ತದ ವ್ಯಾಸ 178 ಮಿ.ಮೀ. ನಮ್ಮ ಲೈನು ಅಮೆರಿಕನ್ ಅಳತೆಯ ಎಎಸ್‌ಎ 150. ಎಂಟು ತೂತು, 190.5 ಮಿ.ಮೀ. ಪಿಎನ್ 16ರದಾಗಿದ್ದರೆ ಎಂಟು ತೂತೇ ಇರುತ್ತಿತ್ತು, ಆದರೆ ವ್ಯಾಸ 180. ಆರೂ ವಾಲ್ವುಗಳ ಎರಡೂ ಬದಿಯ ಕೌಂಟರ್ ಫ್ಲಾಂಜುಗಳನ್ನು (ಪೈಪಿಗೆ ಬೆಸೆದ ಜೋಡಿ ಫ್ಲಾಂಜುಗಳನ್ನು) ಕತ್ತರಿಸಿ ಹೊಸದನ್ನು ಬೆಸೆಯಲು ವೆಲ್ಡರುಗಳು ಎರಡು ರಾತ್ರಿ ದುಡಿದರು. ಸರಬರಾಜುದಾರರ ತಪ್ಪು ಎಳ್ಳಷ್ಟೂ ಇರಲಿಲ್ಲ. ನಾನು ಬರೆದದ್ದನ್ನೇ ಅವರು ಕೊಟ್ಟಿದ್ದರು. ತಿರುಪಿನ ತುದಿಗೂ ಇದೇ ಮಾತು: ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ ತಿರುಪಿನ ಕೋನ 55 ಡಿಗ್ರಿ, ಅಮೆರಿಕನ್ ಪದ್ಧತಿಯ ಎನ್‌ಪಿಟಿಯದು 60. ಎರಡು ಸುತ್ತು ಹಿಡಿದಂತೆ ಮಾಡಿ ಒತ್ತಡ ಬಂದಾಗ ಸೋರುತ್ತದೆ.

ನಿಮ್ಮ ಲೈನಿಗೆ ಯಾವುದು

ಪಂಚಾಯಿತಿಯ ನೀರಿನ ಲೈನಾದರೆ, 200 ಮಿ.ಮೀ.ವರೆಗೆ ಡಿಐ ಬಾಡಿಯ ರೆಸಿಲಿಯೆಂಟ್ ಸ್ಲೂಸ್ ವಾಲ್ವ್. ಹಣ ಸಾಲದಿದ್ದರೆ ಪಂಪ್‌ಹೌಸ್ ಒಳಗಿನವು ಬಟರ್‌ಫ್ಲೈ ಆಗಲಿ, ಬೀದಿಯ ಗುಂಡಿಯೊಳಗಿನವು ಸ್ಲೂಸೇ ಇರಲಿ, ಏಕೆಂದರೆ ಗುಂಡಿ ತುಂಬಿ ನಿಂತ ನೀರಿನಲ್ಲಿ ಬಟರ್‌ಫ್ಲೈಯ ಗೇರ್ ಬಾಕ್ಸ್ ತುಕ್ಕು ಹಿಡಿಯುತ್ತದೆ. ಉಳಿಸಿದ ಹಣವನ್ನು ಡ್ಯುಯಲ್ ಪ್ಲೇಟ್ ಎನ್‌ಆರ್‌ವಿಗೆ ಹಾಕಬಹುದು.

ದಾಲ್ ಮಿಲ್ಲಿನ ಗಾಳಿ ಮತ್ತು ನೀರಿಗೆ ಬಾಲ್ ವಾಲ್ವ್ ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ಆದರೆ ಹಿತ್ತಾಳೆಗಿಂತ ಗನ್‌ಮೆಟಲ್ (ಒಂದು ಬಗೆಯ ಕಂಚು) ಆರಿಸಿದರೆ ನಮ್ಮ ಕೊಳವೆಬಾವಿಯ ಉಪ್ಪು ನೀರಿನಲ್ಲಿ ಸತುವು ಕರಗಿ ಲೋಹ ಪೊಳ್ಳಾಗುವ ಕಾಟವಿರುವುದಿಲ್ಲ. ಬಾಯ್ಲರ್ ಇರುವವರಿಗೆ ಬೆಲೆಯ ಚೌಕಾಶಿಗೆ ಅವಕಾಶ ಕಡಿಮೆ. ಮುಖ್ಯ ಲೈನಿಗೆ ಡಬ್ಲ್ಯುಸಿಬಿ ಗ್ಲೋಬ್ ಅಥವಾ ಗೇಟ್, ಒಂದೂವರೆ ಇಂಚಿನೊಳಗೆ ಬಡಿದ ಉಕ್ಕಿನ ಕ್ಲಾಸ್ 800. ಆವಿಯ ಒತ್ತಡ ಚದರ ಸೆಂಟಿಮೀಟರಿಗೆ 3.5 ಕಿಲೋ ಮೀರಿದ ಲೈನಿನ ವಾಲ್ವಿಗೆ ಐಬಿಆರ್‌ನ (ಭಾರತೀಯ ಬಾಯ್ಲರ್ ನಿಯಮಾವಳಿಯ) 3-ಸಿ ನಮೂನೆಯ ಪ್ರಮಾಣಪತ್ರ ಜೊತೆಗೆ ಬರಬೇಕು. ಅದಿಲ್ಲದ ವಾಲ್ವ್ ಎಷ್ಟೇ ಅಗ್ಗವಿದ್ದರೂ ಬಾಯ್ಲರ್ ತಪಾಸಣೆಯ ದಿನ ಅದನ್ನು ಬಿಚ್ಚಿಡಬೇಕಾಗುತ್ತದೆ.

ಆಗ ಚೀಟಿ ಹೀಗಿರುತ್ತದೆ (ಎನ್‌ಬಿ ಎಂದರೆ ಮಿ.ಮೀ. ಲೆಕ್ಕದ ಪೈಪಿನ ಹೆಸರಿನ ಅಳತೆ): "ಗೇಟ್ ವಾಲ್ವ್, 100 ಎನ್‌ಬಿ, ಕ್ಲಾಸ್ 150, ಬಾಡಿ ಡಬ್ಲ್ಯುಸಿಬಿ, ಟ್ರಿಮ್ 13 ಶೇಕಡಾ ಕ್ರೋಮ್, ರೈಸಿಂಗ್ ಸ್ಪಿಂಡಲ್, ಗ್ರಾಫೈಟ್ ಪ್ಯಾಕಿಂಗ್, ಫ್ಲಾಂಜ್ ಎಎಸ್‌ಎ 150, ಆವಿ 10 ಬಾರ್ 185 ಡಿಗ್ರಿ, ಐಬಿಆರ್ ಪ್ರಮಾಣಪತ್ರ ಸಹಿತ, 2 ನಗ." ಇದನ್ನು ಮೂರು ಅಂಗಡಿಗೆ ಕಳಿಸಿದರೆ ಮೂವರ ದರವೂ ಒಂದೇ ವಸ್ತುವಿನದಾಗಿರುತ್ತದೆ, ದರಗಳನ್ನು ಹೋಲಿಸುವುದಕ್ಕೆ ಆಗ ಮಾತ್ರ ಅರ್ಥ ಬರುತ್ತದೆ.

ಮಾಲು ಬಂದಾಗ ಮೈಮೇಲಿನ ಎರಕದ ಅಕ್ಷರಗಳನ್ನು ಚೀಟಿಯೊಂದಿಗೆ ಓದಿ ನೋಡಿ, ತೂತು ಎಣಿಸಿ, ವಾಲ್ವನ್ನು ಒಮ್ಮೆ ಪೂರ್ತಿ ತೆರೆದು ಮುಚ್ಚಿ. ಪರೀಕ್ಷಾ ವರದಿಯಲ್ಲಿ ಬಾಡಿಯ ಪರೀಕ್ಷೆ ಸಾಮಾನ್ಯ ಶಾಖದಲ್ಲಿ ವಾಲ್ವ್ ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು, ಸೀಟಿನದು 1.1 ಪಟ್ಟು ನಡೆದಿದೆಯೇ ನೋಡಿ. ಕೂಡಿಸುವ ದಿನದವರೆಗೆ ಎರಡೂ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆಯಬೇಡಿ. ಗೇಟ್ ಮತ್ತು ಗ್ಲೋಬ್‌ಗಳನ್ನು ಮುಚ್ಚಿ ಇಡಿ, ಬಾಲ್ ವಾಲ್ವನ್ನು ಪೂರ್ತಿ ತೆರೆದಿಡಿ, ರಬ್ಬರ್ ಸೀಟಿನ ಬಟರ್‌ಫ್ಲೈಯನ್ನು ಸೀಟಿನಿಂದ ತುಸುವೇ ಸಡಿಲಿಸಿ ನೆರಳಿನಲ್ಲಿಡಿ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನ ಅಟ್ಟದ ಮೇಲೆ ಬಿಗಿಯಾಗಿ ಮುಚ್ಚಿಟ್ಟ ರಬ್ಬರ್ ಡಿಸ್ಕಿಗೆ ಅಂಟಿಕೊಂಡು, ಮೊದಲ ಸಲ ತೆರೆದಾಗಲೇ ಹರಿದು ಬರುತ್ತದೆ.